ತಿಳಿಯಾದ ನೀರು ಶುದ್ಧವೇ? ಕಂಡುಹಿಡಿಯುವುದು ಹೇಗೆ?

ಎರಡು ಗಾಜಿನ ಲೋಟಗಳಲ್ಲಿ ನೀರಿದೆ ಎಂದುಕೊಳ್ಳಿ. ಒಂದರ ನೀರು ಮಳೆಗಾಲದ ಕೆರೆಯ ನೀರಿನಂತೆ ಕೆಂಪಗೆ ಕದಡಿದೆ. ಇನ್ನೊಂದರ ನೀರು ತಿಳಿಯಾಗಿದೆ. ಲೋಟದ ಹಿಂದೆ ಪುಸ್ತಕ ಹಿಡಿದರೆ ಅಕ್ಷರ ಕಾಣಿಸುವಷ್ಟು ತಿಳಿ. ವಾಸನೆಯಿಲ್ಲ, ರುಚಿಯೂ ಚೆನ್ನಾಗಿದೆ. ನೀವು ಯಾವುದನ್ನು ಕುಡಿಯುತ್ತೀರಿ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಎಲ್ಲ ಕೈಗಳೂ ಎರಡನೆಯ ಲೋಟದ ಕಡೆಗೇ ತೋರಿಸುತ್ತವೆ.

ಆದರೆ ಆ ತಿಳಿ ನೀರಿನಲ್ಲಿ ಹತ್ತು ಲಕ್ಷ ರೋಗಾಣುಗಳಿದ್ದರೂ ಅದು ಹಾಗೆಯೇ ತಿಳಿಯಾಗಿ ಕಾಣುತ್ತದೆ. ಏಕೆ ಗೊತ್ತೇ? ವಾಂತಿ-ಭೇದಿ ತರುವ ಬ್ಯಾಕ್ಟೀರಿಯಗಳ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗ ಮಾತ್ರ. ಒಂದು ಮಿಲಿಲೀಟರ್ ನೀರಿನಲ್ಲಿ ಅವುಗಳ ಸಂಖ್ಯೆ ಕೋಟಿಯ ಹತ್ತಿರ ಬಂದಾಗಷ್ಟೇ ನೀರು ಕೊಂಚ ಮಬ್ಬಾಗಿದೆ ಎಂದು ನಮ್ಮ ಕಣ್ಣಿಗೆ ಅನ್ನಿಸುತ್ತದೆ. ವೈರಸ್‌ಗಳಂತೂ ಬ್ಯಾಕ್ಟೀರಿಯಗಳಿಗಿಂತ ಹತ್ತಾರು ಪಟ್ಟು ಚಿಕ್ಕವು. ಇನ್ನು ಕೆಂಪು ನೀರಿನಲ್ಲಿ ಬರೀ ಮಣ್ಣೇ ಇರಬಹುದು, ರೋಗಾಣುವೂ ಇರಬಹುದು. ಕಣ್ಣು, ಮೂಗು, ನಾಲಿಗೆ ಈ ಮೂರೂ ಇಲ್ಲಿ ಕೆಲಸಕ್ಕೆ ಬಾರವು.

ಹಾಗಾದರೆ ನೀರಿನ ಪರೀಕ್ಷೆ ಮಾಡುವವರು ಏನು ಮಾಡುತ್ತಾರೆ? ನೀರಿನಲ್ಲಿ ಕಾಲರಾ ರೋಗಾಣು ಇದೆಯೇ, ಟೈಫಾಯಿಡ್ ರೋಗಾಣು ಇದೆಯೇ ಎಂದು ಒಂದೊಂದಾಗಿ ಹುಡುಕುತ್ತಾರೆ ಎಂದು ನೀವು ಊಹಿಸಿರಬಹುದು. ಆಶ್ಚರ್ಯದ ಸಂಗತಿಯೆಂದರೆ, ಸಾಮಾನ್ಯವಾಗಿ ಅವರು ರೋಗಾಣುವನ್ನು ಹುಡುಕುವುದೇ ಇಲ್ಲ! ಬೇರೊಂದನ್ನು ಹುಡುಕುತ್ತಾರೆ. ಅದೇಕೆ ಎಂದು ತಿಳಿಯಲು ಒಂದು ಸಣ್ಣ ಲೆಕ್ಕ ಮಾಡೋಣ. ಪೆನ್ಸಿಲ್ ತೆಗೆದುಕೊಳ್ಳಿ.

ಐದು ಲಕ್ಷದಲ್ಲಿ ಒಂದು ಪಾಲು

ನಿಮ್ಮ ಊರಿನ ಓವರ್‌ಹೆಡ್ ಟ್ಯಾಂಕ್ 50,000 ಲೀಟರಿನದು ಎಂದುಕೊಳ್ಳಿ. ಪರೀಕ್ಷೆಗೆ ನಾವು ತೆಗೆದುಕೊಳ್ಳುವುದು 100 ಮಿಲಿಲೀಟರ್ ನೀರು. ಅಂದರೆ ಟ್ಯಾಂಕಿನ ನೀರಿನಲ್ಲಿ 5 ಲಕ್ಷದಲ್ಲಿ ಒಂದು ಪಾಲು. ಈಗ ಆ ಟ್ಯಾಂಕಿನಲ್ಲಿ ಟೈಫಾಯಿಡ್ ರೋಗಾಣುಗಳು ಒಟ್ಟು ಒಂದು ಸಾವಿರ ಇವೆ ಎಂದು ಭಾವಿಸಿ. ಅವು ನೀರಿನಲ್ಲಿ ಸಮನಾಗಿ ಹರಡಿದ್ದರೆ ನಮ್ಮ ಸೀಸೆಗೆ ಒಂದಾದರೂ ಬೀಳುವ ಸಾಧ್ಯತೆ ಎಷ್ಟು? ಐನೂರರಲ್ಲಿ ಒಂದು. ಐನೂರು ಸೀಸೆ ತುಂಬಿದರೆ ಯಾವುದೋ ಒಂದರಲ್ಲಿ ಒಂದು ಸಿಕ್ಕೀತು, ಅಷ್ಟೆ! ಉಳಿದ ಸೀಸೆಗಳೆಲ್ಲ ‘ನೀರು ಚೆನ್ನಾಗಿದೆ’ ಎಂದೇ ಹೇಳುತ್ತವೆ. ಜೊತೆಗೆ ಟೈಫಾಯಿಡ್‌ಗೆ ಒಂದು ಪರೀಕ್ಷೆ, ಕಾಲರಾಕ್ಕೆ ಮತ್ತೊಂದು, ಕಾಮಾಲೆಗೆ ಮಗದೊಂದು. ಎಷ್ಟು ಹಣ, ಎಷ್ಟು ದಿನ!

ಆದ್ದರಿಂದ ವಿಜ್ಞಾನಿಗಳು ಪ್ರಶ್ನೆಯನ್ನೇ ಬದಲಾಯಿಸಿದರು. ನೀರಿನಿಂದ ಹರಡುವ ಈ ರೋಗಾಣುಗಳು ನೀರಿಗೆ ಬರುವುದು ಎಲ್ಲಿಂದ? ಹೆಚ್ಚಿನವು ರೋಗಿಯ ಮಲದಿಂದ. ಹಾಗಿದ್ದಲ್ಲಿ ‘ನೀರಿನಲ್ಲಿ ರೋಗಾಣು ಇದೆಯೇ?’ ಎಂದು ಕೇಳುವ ಬದಲು ‘ಈ ನೀರಿಗೆ ಮಲ ಸೇರಿದೆಯೇ?’ ಎಂದು ಕೇಳಿದರೆ ಸಾಕು. ಮಲ ಸೇರುವ ದಾರಿ ಇದ್ದರೆ, ಇಂದು ರೋಗಾಣು ಇಲ್ಲದಿದ್ದರೂ ಊರಿನಲ್ಲಿ ಯಾರಿಗಾದರೂ ಕಾಯಿಲೆ ಬಂದ ದಿನ ಅದೇ ದಾರಿಯಲ್ಲಿ ರೋಗಾಣುವೂ ಬರುತ್ತದೆ.

ಈ ಪ್ರಶ್ನೆಗೆ ಉತ್ತರ ಹೇಳುವ ಸಾಕ್ಷಿಯೊಂದು ನಮ್ಮೆಲ್ಲರ ಹೊಟ್ಟೆಯಲ್ಲೇ ಇದೆ. ಅದರ ಹೆಸರು ಇ. ಕೋಲೈ. ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಥಿಯೋಡರ್ ಎಶರಿಶ್ ಎಂಬ ಮಕ್ಕಳ ವೈದ್ಯ 1885ರಲ್ಲಿ ಶಿಶುಗಳ ಮಲದಲ್ಲಿ ಈ ಬ್ಯಾಕ್ಟೀರಿಯವನ್ನು ಗುರುತಿಸಿದರು. ಇ. ಕೋಲೈ ಎಂಬುದರಲ್ಲಿನ ‘ಇ’ ಅವರ ಹೆಸರಿನ ಗುರುತು. ಮನುಷ್ಯರ, ದನಕರುಗಳ, ಇತರ ಬಿಸಿರಕ್ತದ ಪ್ರಾಣಿಗಳ ಕರುಳಿನಲ್ಲಿ ಇದು ಸದಾ ಇರುತ್ತದೆ. ಇದರ ಬಹುಪಾಲು ತಳಿಗಳು ಏನೂ ತೊಂದರೆ ಮಾಡುವುದಿಲ್ಲ, ಭೇದಿ ತರುವ ಕೆಲವು ತಳಿಗಳೂ ಇವೆ.

ಈಗ ಅದೇ ಲೆಕ್ಕವನ್ನು ಇ. ಕೋಲೈಗೆ ಮಾಡಿ ನೋಡಿ. ಒಂದು ಗ್ರಾಂ ಮಲದಲ್ಲಿ ಕೋಟಿಗಟ್ಟಲೆ ಇ. ಕೋಲೈ ಇರುತ್ತವೆ. ಕಡಿಮೆ ಎಂದು ಒಂದೇ ಕೋಟಿ ಹಿಡಿಯೋಣ. ಕಡಲೆಕಾಳು ಗಾತ್ರದ ಒಂದು ಗ್ರಾಂ ಹೊಲಸು ಅದೇ 50,000 ಲೀಟರಿಗೆ ಸೇರಿತು. ಒಂದು ಕೋಟಿಯನ್ನು 5 ಲಕ್ಷದಿಂದ ಭಾಗಿಸಿ. ಉತ್ತರ 20. ನಮ್ಮ 100 ಮಿಲಿಲೀಟರ್ ಸೀಸೆಯಲ್ಲಿ 20 ಇ. ಕೋಲೈ! ಟೈಫಾಯಿಡ್ ರೋಗಾಣು ತಪ್ಪಿಸಿಕೊಂಡ ಸೀಸೆಯಲ್ಲೇ ಮಲದ ಸಾಕ್ಷಿ ಸಿಕ್ಕಿಬಿದ್ದಿತು. ಇದಕ್ಕೇ ಭಾರತೀಯ ಮಾನಕ ಐಎಸ್ 10500, ಕುಡಿಯುವ ನೀರಿನ ಯಾವುದೇ 100 ಮಿಲಿಲೀಟರ್ ಮಾದರಿಯಲ್ಲಿ ಇ. ಕೋಲೈ ಕಂಡುಬರಲೇಬಾರದು ಎನ್ನುತ್ತದೆ. ಉಪ್ಪು, ಗಡಸುತನ, ಫ್ಲೋರೈಡ್ ಇವಕ್ಕೆ ‘ಇಷ್ಟರವರೆಗೆ ಇರಬಹುದು’ ಎಂಬ ಮಿತಿ ಇದೆ. ಇ. ಕೋಲೈಗೆ ಅಂಥ ರಿಯಾಯಿತಿ ಇಲ್ಲ.

ಇಪ್ಪತ್ತು ಬ್ಯಾಕ್ಟೀರಿಯಗಳನ್ನು ಕಾಣುವುದಾದರೂ ಹೇಗೆ ಎಂದು ನೀವು ಕೇಳಬಹುದು. ಅವನ್ನು ಬೆಳೆಸಿ! ಹಾಲಿಗೆ ಒಂದು ಚಮಚ ಮಜ್ಜಿಗೆ ಹೆಪ್ಪು ಹಾಕಿ ಬೆಚ್ಚಗಿಟ್ಟರೆ ಬೆಳಗಾಗುವಷ್ಟರಲ್ಲಿ ಇಡೀ ಪಾತ್ರೆ ಮೊಸರಾಗುವುದಿಲ್ಲವೇ? ಹಾಗೆಯೇ ಇದೂ. ಒಳ್ಳೆಯ ಆಹಾರ ಮತ್ತು ನಮ್ಮ ಮೈಯ ಬಿಸಿ, ಅಂದರೆ 37 ಡಿಗ್ರಿ ಸೆಲ್ಸಿಯಸ್ ಸಿಕ್ಕರೆ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಒಂದರಿಂದ ಹೊರಟು 7 ಗಂಟೆಯಲ್ಲಿ 21 ಬಾರಿ ಇಮ್ಮಡಿಯಾದರೆ ಎಷ್ಟಾಗುತ್ತದೆ? ಮಾಡಿ ನೋಡಿ, 20 ಲಕ್ಷ ದಾಟುತ್ತದೆ. ಪ್ರಯೋಗಾಲಯದಲ್ಲಿ ನೇರಳೆ ಬಣ್ಣದ ಪೋಷಕ ದ್ರಾವಣಕ್ಕೆ ನೀರಿನ ಮಾದರಿ ಹಾಕುತ್ತಾರೆ. ಇ. ಕೋಲೈ ಮತ್ತು ಅದರ ಬಂಧುಗಳು ದ್ರಾವಣದಲ್ಲಿರುವ ಹಾಲಿನ ಸಕ್ಕರೆಯನ್ನು ಹುಳಿಯಾಗಿಸುತ್ತವೆ, ನೇರಳೆ ಹೋಗಿ ಹಳದಿ ಬರುತ್ತದೆ. ಪ್ರನಾಳದೊಳಗೆ ಬೋರಲು ಹಾಕಿಟ್ಟ ಪುಟ್ಟ ಗಾಜಿನ ನಳಿಕೆಯಲ್ಲಿ ಅನಿಲದ ಗುಳ್ಳೆ ನಿಲ್ಲುತ್ತದೆ. ಬಂಧುಗಳಲ್ಲಿ ಕೆಲವು ಮಣ್ಣಿನಲ್ಲೂ ಬದುಕುವಂಥವು. ಆದ್ದರಿಂದ ನಿಜವಾದ ಇ. ಕೋಲೈ ಹೌದೋ ಅಲ್ಲವೋ ಎಂದು ತಿಳಿಯಲು 44 ಡಿಗ್ರಿ ಬಿಸಿಯಲ್ಲಿ ಮತ್ತೊಮ್ಮೆ ಬೆಳೆಸಿ ನೋಡುತ್ತಾರೆ.

ಕಪ್ಪಾಗುವ ಸೀಸೆ

ಇದೆಲ್ಲ ಪ್ರಯೋಗಾಲಯದ ಮಾತಾಯಿತು. ಹಳ್ಳಿಯಲ್ಲಿ ಇನ್ಕ್ಯುಬೇಟರ್ ಎಲ್ಲಿಂದ ತರುವುದು? ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿದ್ದ ಮಂಜ, ಮೌರ್ಯ ಮತ್ತು ರಾವ್ ಎಂಬ ಮೂವರು ವಿಜ್ಞಾನಿಗಳು ಇದಕ್ಕೊಂದು ಸರಳ ಉಪಾಯ ಹುಡುಕಿ 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಈಗ ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಈ ವಿಧಾನ ಹುಟ್ಟಿದ್ದು ನಮ್ಮ ದೇಶದಲ್ಲಿ ಎಂಬುದನ್ನು ಪಠ್ಯಪುಸ್ತಕಗಳು ಹೇಳಬೇಕಿತ್ತು.

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿರುವ ನೀರು ಪರೀಕ್ಷಾ ಕಿಟ್ಟಿನಲ್ಲಿ ಆ ಸೀಸೆಯನ್ನು ನೀವು ನೋಡಿರಬಹುದು. ಒಳಗೊಂದು ಒಣಗಿದ ಕಾಗದದ ಪಟ್ಟಿ ಅಥವಾ ಪುಡಿ ಇರುತ್ತದೆ. ಬ್ಯಾಕ್ಟೀರಿಯಗಳಿಗೆ ಬೇಕಾದ ಆಹಾರ, ಸೋಡಿಯಂ ಥಯೋಸಲ್ಫೇಟ್ ಎಂಬ ಗಂಧಕದ ಲವಣ ಮತ್ತು ಕಬ್ಬಿಣದ ಒಂದು ಲವಣ ಅದರಲ್ಲಿವೆ. ಗುರುತಿನವರೆಗೆ ನೀರು ತುಂಬಿ ಮುಚ್ಚಿ ಬೆಚ್ಚಗಿನ ಜಾಗದಲ್ಲಿಡಬೇಕು. ನೀರಿಗೆ ಮಲ ಸೇರಿದ್ದರೆ ಅದರೊಂದಿಗೆ ಬಂದ ಕೆಲವು ಕರುಳಿನ ಬ್ಯಾಕ್ಟೀರಿಯಗಳು ಗಂಧಕದ ಲವಣವನ್ನು ಒಡೆದು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹೊರಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಗೊತ್ತಲ್ಲ? ಅದೇ ಅನಿಲ. ಅದು ಕಬ್ಬಿಣದೊಂದಿಗೆ ಸೇರಿ ಕಬ್ಬಿಣದ ಸಲ್ಫೈಡ್ ಆಗುತ್ತದೆ. ಅದರ ಬಣ್ಣ ಕಪ್ಪು. ಮಸಿಯಂತೆ ಕಪ್ಪು! ಸಂಜೆ ತುಂಬಿಟ್ಟ ಸೀಸೆ ಮರುದಿನ ಮಧ್ಯಾಹ್ನದೊಳಗೆ ಕಪ್ಪಾಗಿದ್ದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಕಪ್ಪಾಗದಿದ್ದರೆ ಎರಡು ದಿನ ಕಾದು ನೋಡುವುದು ಒಳ್ಳೆಯದು, ಮಾಲಿನ್ಯ ಸ್ವಲ್ಪವೇ ಇದ್ದರೆ ಬಣ್ಣ ತಡವಾಗಿ ಬರುತ್ತದೆ. ಇಲ್ಲಿ ಒಂದು ತಮಾಷೆ ಇದೆ. ಇ. ಕೋಲೈ ಸಾಮಾನ್ಯವಾಗಿ ಈ ಅನಿಲವನ್ನು ಬಿಡುವುದಿಲ್ಲ. ಸೀಸೆಯನ್ನು ಕಪ್ಪಾಗಿಸುವುದು ಅದರ ಜೊತೆಯಲ್ಲೇ ಕರುಳಿನಲ್ಲಿ ವಾಸಿಸುವ ಬೇರೆ ಬ್ಯಾಕ್ಟೀರಿಯಗಳು. ಸಾಕ್ಷಿ ಬೇರೆಯಾದರೂ ಹೇಳುವ ಸುದ್ದಿ ಒಂದೇ.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನಲ್ಲಿ, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆಯುವ ಯೋಜನೆಯಲ್ಲಿ, ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಇಂಥ ಪರೀಕ್ಷೆ ಮಾಡಲು ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಿನಲ್ಲಿ ಅವರು ಯಾರೆಂದು ಕೇಳಿ ತಿಳಿದುಕೊಳ್ಳಿ. ಶಾಲೆಗೆ ಕರೆಸಿ ಪರೀಕ್ಷೆ ಮಾಡಿಸಿದರೆ ಒಂದು ಪಾಠವೇ ಆಗುತ್ತದೆ.

ಈ ಸೀಸೆಗೂ ತನ್ನದೇ ಮಿತಿಗಳಿವೆ. ಕೆಲವು ಕಡೆ ನೆಲದೊಳಗಿನ ನೀರಿನಲ್ಲೇ ಗಂಧಕದ ವಾಸನೆ ಇರುತ್ತದೆ. ಅಂಥ ನೀರು ಹಾಕಿದ ಕೂಡಲೇ ಸೀಸೆ ಕಪ್ಪಾಗಬಹುದು, ಅದು ಮಲದ ಸಾಕ್ಷಿಯಲ್ಲ. ಕಪ್ಪಾದ ಸೀಸೆ ಎಷ್ಟು ಮಾಲಿನ್ಯ ಎಂದು ಎಣಿಸಿ ಹೇಳುವುದೂ ಇಲ್ಲ. ಆದ್ದರಿಂದ ಕಪ್ಪಾದರೆ ಮುಂದಿನ ಹೆಜ್ಜೆ ಜಿಲ್ಲಾ ಅಥವಾ ತಾಲ್ಲೂಕು ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕಳಿಸುವುದು. ಅಲ್ಲಿಗೆ ಒಯ್ಯುವ ಸೀಸೆ ಪ್ರಯೋಗಾಲಯದವರೇ ಕೊಟ್ಟ, ಕ್ರಿಮಿಶುದ್ಧಿ ಮಾಡಿದ ಸೀಸೆಯಾಗಿರಬೇಕು. ತೊಳೆದ ತಂಪು ಪಾನೀಯದ ಬಾಟಲಿ ನಡೆಯದು. ಸೀಸೆಯ ಬಾಯಿಗೆ, ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಿಸಬಾರದು, ಏಕೆಂದರೆ ನಮ್ಮ ಬೆರಳಿನಲ್ಲೂ ಇ. ಕೋಲೈ ಇರಬಹುದು. ಪ್ರಯೋಗಾಲಯದವರು ಆ ಸೀಸೆಯಲ್ಲಿ ಚೂರು ಥಯೋಸಲ್ಫೇಟ್ ಹಾಕಿಟ್ಟಿರುತ್ತಾರೆ, ತೊಳೆದುಬಿಡಬೇಡಿ! ನೀರಿನಲ್ಲಿ ಉಳಿದ ಕ್ಲೋರಿನ್ ದಾರಿಯುದ್ದಕ್ಕೂ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತಾ ಹೋದರೆ ಪ್ರಯೋಗಾಲಯ ತಲುಪುವ ಹೊತ್ತಿಗೆ ನೀರು ನಲ್ಲಿಯಲ್ಲಿದ್ದುದಕ್ಕಿಂತ ಶುದ್ಧವಾಗಿ ಕಾಣುತ್ತದೆ. ಥಯೋಸಲ್ಫೇಟ್ ಆ ಕ್ಲೋರಿನ್ನನ್ನು ಆಗಲೇ ತಡೆಯುತ್ತದೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಬೇಕು.

ದೆಹಲಿ, 1955

ಇ. ಕೋಲೈ ಇಲ್ಲದಿದ್ದರೆ ನೀರು ಪೂರ್ತಿ ಸುರಕ್ಷಿತ ಎನ್ನಬಹುದೇ? ನಮ್ಮ ದೇಶದ ರಾಜಧಾನಿಯಲ್ಲಿ ನಡೆದ ಒಂದು ಘಟನೆ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಪ್ರಪಂಚದ ವಿಜ್ಞಾನಿಗಳು ಇಂದಿಗೂ ಅದನ್ನು ಉದಾಹರಿಸುತ್ತಾರೆ.

ದೆಹಲಿಗೆ ಯಮುನಾ ನದಿಯ ನೀರನ್ನು ವಜೀರಾಬಾದ್ ಎಂಬಲ್ಲಿ ಎತ್ತಿ ಶುದ್ಧೀಕರಿಸುತ್ತಿದ್ದರು. ನಗರದ ಹೊಲಸು ಹೊತ್ತು ತರುವ ನಜಾಫ್‌ಗಢ ನಾಲೆ ಅದರ ಕೆಳಭಾಗದಲ್ಲಿ ನದಿಗೆ ಸೇರುತ್ತಿತ್ತು. ಆದ್ದರಿಂದ ಹೊಲಸು ಕೆಳಗೆ ಹರಿದುಹೋಗುತ್ತಿತ್ತು. 1955ರ ಪ್ರವಾಹದ ನಂತರ ನದಿಯ ಹರಿವು ಪಾತ್ರ ಬದಲಿಸಿತು. ನವೆಂಬರಿನಲ್ಲಿ ನೀರು ಇಳಿದಾಗ ನಾಲೆಯ ಹೊಲಸು ಹಿಂದಕ್ಕೆ ಸರಿದು ನೀರೆತ್ತುವ ಜಾಗಕ್ಕೇ ಬಂತು. ಹೀಗೆ ಸುಮಾರು ಒಂದು ವಾರ ನಡೆಯಿತು. ಅಲ್ಲಿದ್ದ ಸಿಬ್ಬಂದಿ ಸುಮ್ಮನೆ ಕೂರಲಿಲ್ಲ. ಪಟಿಕ ಹೆಚ್ಚು ಹಾಕಿದರು, ಕ್ಲೋರಿನ್ ಹೆಚ್ಚಿಸಿದರು. ಅವರ ಶ್ರಮ ವ್ಯರ್ಥವಾಗಲಿಲ್ಲ. ದೆಹಲಿಯಲ್ಲಿ ಆ ಚಳಿಗಾಲದಲ್ಲಿ ಟೈಫಾಯಿಡ್ ಏರಲಿಲ್ಲ, ಭೇದಿಯೂ ಏರಲಿಲ್ಲ. ಕ್ಲೋರಿನ್ ಬ್ಯಾಕ್ಟೀರಿಯಗಳನ್ನು ಕೊಂದಿತ್ತು.

ಆದರೆ ಕೆಲವು ವಾರಗಳು ಕಳೆದವು. ಡಿಸೆಂಬರ್ 1955 ಮತ್ತು ಜನವರಿ 1956ರಲ್ಲಿ ನಗರದ ತುಂಬ ಜನರ ಕಣ್ಣು ಹಳದಿಯಾಗತೊಡಗಿತು. ಸುಮಾರು 29 ಸಾವಿರ ಜನರಿಗೆ ಕಾಮಾಲೆ! ಯಕೃತ್ತಿಗೆ ತಗಲುವ ಒಂದು ವೈರಸ್ ಆ ಕ್ಲೋರಿನ್ನನ್ನೂ ದಾಟಿ ನಲ್ಲಿಗಳಿಗೆ ಬಂದಿತ್ತು. ಬ್ಯಾಕ್ಟೀರಿಯಗಳಿಗಿಂತ ಇಂಥ ಕೆಲವು ವೈರಸ್‌ಗಳು ಕ್ಲೋರಿನ್ನಿಗೆ ಹೆಚ್ಚು ಹೊತ್ತು ತಡೆದು ನಿಲ್ಲುತ್ತವೆ. ನೀರಿನಲ್ಲಿ ಹೊಲಸು, ಕದಡು ಹೆಚ್ಚಿದ್ದರೆ ಕ್ಲೋರಿನ್ ಅದರಲ್ಲೇ ಖರ್ಚಾಗುತ್ತದೆ. ಇ. ಕೋಲೈ ಸತ್ತಿದೆ, ವೈರಸ್ ಬದುಕಿದೆ. ಸಾಕ್ಷಿಯೇ ಸತ್ತರೆ ಪರೀಕ್ಷೆ ಏನು ಹೇಳೀತು?

ಆ ವೈರಸ್ ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಹೆಪಟೈಟಿಸ್ ‘ಎ’ ಇರಬಹುದೆಂದು ಬಹಳ ವರ್ಷ ನಂಬಿದ್ದರು. ಅಂದಿನ ರೋಗಿಗಳ ರಕ್ತದ ಮಾದರಿಗಳನ್ನು ಎಸೆಯದೆ ಜೋಪಾನವಾಗಿ ಇಟ್ಟಿದ್ದರು ನೋಡಿ, ಅದು ದೊಡ್ಡ ಕೆಲಸವಾಯಿತು. 1980ರಲ್ಲಿ ಅವನ್ನು ಪರೀಕ್ಷಿಸಿದಾಗ ಹೆಪಟೈಟಿಸ್ ‘ಎ’ ಅಲ್ಲವೆಂದು ತಿಳಿಯಿತು. 1983ರಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಯಾನ್ ಹೊಸ ವೈರಸ್ ಒಂದನ್ನು ಕಂಡುಹಿಡಿದರು. ಅದೇ ಹೆಪಟೈಟಿಸ್ ‘ಇ’. ಗರ್ಭಿಣಿಯರಿಗೆ ಇದು ವಿಶೇಷವಾಗಿ ಅಪಾಯಕಾರಿ. ದೆಹಲಿಯ ಆ ಕಾಯಿಲೆಗೂ ಇದೇ ಕಾರಣವೆಂದು ಈಗ ಒಪ್ಪಲಾಗಿದೆ. ಬಲಯಾನ್ ರೋಗಿಗಳ ಮಲದಿಂದ ಸೋಸಿದ ದ್ರವವನ್ನು ತಾವೇ ಕುಡಿದು, ಕಾಮಾಲೆ ಬರಿಸಿಕೊಂಡು ಅದನ್ನು ಪತ್ತೆ ಮಾಡಿದರು! ಇಂಥ ಸಾಹಸವನ್ನು ಇಂದು ಯಾವ ಸಂಸ್ಥೆಯೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಇದರಿಂದ ನಿಮಗೆ ಒಂದು ವಿಷಯ ಸ್ಪಷ್ಟವಾಗಿರಬೇಕು. ಇ. ಕೋಲೈ ಇದೆ ಎಂದರೆ ನೀರು ಕೆಟ್ಟಿದೆ ಎಂದು ಖಂಡಿತ ಹೇಳಬಹುದು. ಇ. ಕೋಲೈ ಇಲ್ಲ ಎಂದರೆ, ಆ ಹೊತ್ತಿಗೆ, ಆ ಸೀಸೆಯಲ್ಲಿ ಸಿಗಲಿಲ್ಲ ಎಂದಷ್ಟೇ ಅರ್ಥ. ಅದಕ್ಕಾಗಿಯೇ ಪರೀಕ್ಷೆಯ ಜೊತೆಗೆ ನೀರು ಬರುವ ದಾರಿಯನ್ನು ಕಣ್ಣಿನಿಂದ ನೋಡುವುದೂ ಅಷ್ಟೇ ಮುಖ್ಯ.

ರೋಗಿಯಲ್ಲಿ ಹುಡುಕುವುದು ಬೇರೆ

ಟ್ಯಾಂಕಿನ ಸೀಸೆ ಕಪ್ಪಾಯಿತು. ಅದೇ ವಾರ ಊರಿನಲ್ಲಿ ನಾಲ್ಕು ಮಕ್ಕಳಿಗೆ ಬಿಡದ ಜ್ವರ. ಹಾಗಾದರೆ ಅದು ಟೈಫಾಯಿಡ್ ಎನ್ನಬಹುದೇ? ಎನ್ನುವಂತಿಲ್ಲ. ಡೆಂಗೆ ಇರಬಹುದು, ಮಲೇರಿಯಾ ಇರಬಹುದು, ಇವೆರಡೂ ಸೊಳ್ಳೆಯಿಂದ ಬರುವಂಥವು. ನೀರಿನ ಪರೀಕ್ಷೆ ‘ಮಲ ಸೇರಿದೆ’ ಎನ್ನುತ್ತದೆಯೇ ಹೊರತು ರೋಗದ ಹೆಸರು ಹೇಳುವುದಿಲ್ಲ. ಹೆಸರು ತಿಳಿಯಲು ರೋಗಿಯಲ್ಲೇ ರೋಗಾಣುವನ್ನು ಹುಡುಕಬೇಕು.

ಅಲ್ಲಿಯೂ ನಮ್ಮ ಟ್ಯಾಂಕಿನ ಲೆಕ್ಕವೇ ಎದುರಾಗುತ್ತದೆ. ಟೈಫಾಯಿಡ್ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಅನೇಕ ವೇಳೆ ಒಂದು ರೋಗಾಣುವೂ ಇರುವುದಿಲ್ಲ! ಅದಕ್ಕೇ ಬ್ಲಡ್ ಕಲ್ಚರ್ ಪರೀಕ್ಷೆಗೆ ಬೆರಳಿಗೆ ಚುಚ್ಚಿದ ಹನಿ ಸಾಲದು, ಹಲವು ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಅದನ್ನು ಪೋಷಕ ದ್ರಾವಣಕ್ಕೆ ಹಾಕಿ ಬೆಳೆಸುತ್ತಾರೆ. ಕೆಲವು ದಿನ ಬೇಕು. ಜ್ವರ ಬಂದ ಮೊದಲ ವಾರದಲ್ಲಿ ಮಾಡಿದರೆ ಸಿಗುವ ಸಾಧ್ಯತೆ ಹೆಚ್ಚು. ಮನೆಯವರು ಔಷಧಿ ಅಂಗಡಿಯಿಂದ ತಂದ ಆಂಟಿಬಯಾಟಿಕ್ ಮಾತ್ರೆಯನ್ನು ಆಗಲೇ ಎರಡು ದಿನ ನುಂಗಿಸಿದ್ದರೆ ರಕ್ತದಲ್ಲಿದ್ದ ಅಷ್ಟಿಷ್ಟು ರೋಗಾಣು ಬೆಳೆಯುವುದೇ ಇಲ್ಲ. ಜ್ವರ ಪೂರ್ತಿ ಹೋಗದು, ಪರೀಕ್ಷೆಯಲ್ಲೂ ಏನೂ ಕಾಣದು. ಯಾವ ಔಷಧಿಗೆ ಈ ರೋಗಾಣು ಬಗ್ಗುತ್ತದೆ ಎಂದು ತಿಳಿಯುವ ಅವಕಾಶವೂ ತಪ್ಪಿಹೋಗುತ್ತದೆ. ಇದು ಸಣ್ಣ ನಷ್ಟವಲ್ಲ.

ನಮ್ಮ ಊರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ವಿಡಾಲ್ ಪರೀಕ್ಷೆ. 1896ರಲ್ಲಿ ಫ್ರಾನ್ಸಿನ ವೈದ್ಯ ವಿಡಾಲ್ ರೂಪಿಸಿದ್ದು. ಇದು ರೋಗಾಣುವನ್ನು ಹುಡುಕುವುದಿಲ್ಲ. ರೋಗಾಣುವಿನ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಪ್ರತಿಕಾಯ ತಯಾರಾಗಲು ವಾರ ಬೇಕು, ಆದ್ದರಿಂದ ಜ್ವರದ ಮೂರನೆಯ ದಿನ ಮಾಡಿಸಿದರೆ ಪ್ರಯೋಜನ ಕಡಿಮೆ. ಹಿಂದೆಂದೋ ಟೈಫಾಯಿಡ್ ಬಂದಿದ್ದರೆ, ಲಸಿಕೆ ಹಾಕಿಸಿದ್ದರೆ, ಕೆಲವೊಮ್ಮೆ ಬೇರೆ ಜ್ವರದಲ್ಲೂ ಇದು ‘ಇದೆ’ ಎಂದುಬಿಡುತ್ತದೆ. ಒಂದೇ ವಿಡಾಲ್ ಚೀಟಿ ಹಿಡಿದು ಟೈಫಾಯಿಡ್ ಎಂದು ತೀರ್ಮಾನಿಸುವ ರೂಢಿ ಕಡಿಮೆಯಾಗಬೇಕು ಎಂದೇ ನನ್ನ ಅಭಿಪ್ರಾಯ. ವೈದ್ಯರಲ್ಲಿ ಅನೇಕರ ಅಭಿಪ್ರಾಯವೂ ಅದೇ.

ವಾಂತಿ-ಭೇದಿಯ ವಿಷಯ ಸ್ವಲ್ಪ ಬೇರೆ. ಇಲ್ಲಿ ರೋಗಾಣುವಿನ ಹೆಸರು ತಿಳಿಯುವವರೆಗೆ ಚಿಕಿತ್ಸೆಗೆ ಕಾಯುವಂತಿಲ್ಲ. ಮಗುವಿನ ದೇಹದಿಂದ ನೀರು, ಲವಣ ಹೋಗುತ್ತಿರುತ್ತದೆ. ಹೆಸರು ಯಾವುದೇ ಇರಲಿ, ತಕ್ಷಣ ಓಆರ್‌ಎಸ್ ಕುಡಿಸಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಹಾಗಾದರೆ ಮಲದ ಪರೀಕ್ಷೆ ಏಕೆ? ಆ ಪರೀಕ್ಷೆ ರೋಗಿಗಿಂತ ಹೆಚ್ಚಾಗಿ ಊರಿಗೆ ಬೇಕು. ಕಾಲರಾ ಎಂದು ಖಚಿತವಾದರೆ ಆರೋಗ್ಯ ಇಲಾಖೆ, ಪಂಚಾಯಿತಿ ಎರಡೂ ಅದೇ ದಿನ ನೀರಿನ ಮೂಲಕ್ಕೆ ಓಡಬೇಕಾಗುತ್ತದೆ. ಕಾಲರಾ ರೋಗಾಣು ದೇಹ ಹೊಕ್ಕ ಕೆಲವೇ ಗಂಟೆಗಳಿಂದ ಐದು ದಿನಗಳೊಳಗೆ ಕಾಯಿಲೆ ತರುತ್ತದೆ, ಅಂದರೆ ನೀರಿನ ದೋಷ ಇನ್ನೂ ಹಸಿಯಾಗಿಯೇ ಇರುತ್ತದೆ. ಆರೋಗ್ಯ ಸಹಾಯಕರು ಔಷಧಿ ಕೊಡುವ ಮೊದಲೇ ಹತ್ತಿಯ ಕಡ್ಡಿಯಲ್ಲಿ ಮಲದ ಮಾದರಿ ತೆಗೆದು ವಿಶೇಷ ದ್ರಾವಣದಲ್ಲಿಟ್ಟು ಕಳಿಸುವುದನ್ನು ನೀವು ನೋಡಿದರೆ ಅಸಹ್ಯ ಪಡಬೇಡಿ.

ನೀರಿನಲ್ಲೇ ಕಾಲರಾ ರೋಗಾಣುವನ್ನು ಕಂಡವರೂ ಇದ್ದಾರೆ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕೋಲ್ಕತ್ತದಲ್ಲಿದ್ದಾಗ, ಸುತ್ತಲಿನ ಮನೆಗಳಲ್ಲಿ ಕಾಲರಾ ಸಾವುಗಳಾಗಿದ್ದ ಒಂದು ಕೊಳದ ನೀರಿನಲ್ಲಿ ಅಲ್ಪವಿರಾಮದಂತೆ ಬಾಗಿದ ಆ ಬ್ಯಾಕ್ಟೀರಿಯವನ್ನು ಕಂಡರು. ಕಾಲರಾದಿಂದ ಸತ್ತವರ ಬಟ್ಟೆಯನ್ನು ಅದೇ ಕೊಳದಲ್ಲಿ ಒಗೆದಿದ್ದರು, ಅದೇ ನೀರನ್ನು ಕುಡಿಯುತ್ತಿದ್ದರು. ರೋಗಾಣು ಅಷ್ಟೊಂದು ಸಂಖ್ಯೆಯಲ್ಲಿ ಸೇರಿದ್ದರಿಂದ ಅವರಿಗೆ ಸಿಕ್ಕಿತು. ಇಂದು ರೋಗಿಯಲ್ಲಿ ಸಿಕ್ಕ ರೋಗಾಣು, ನೀರಿನಲ್ಲಿ ಸಿಕ್ಕ ರೋಗಾಣು ಎರಡರ ಡಿಎನ್‌ಎಯನ್ನು ಹೋಲಿಸಿ ಅವು ಒಂದೇ ತಳಿಯವೋ ಎಂದು ಹೇಳುವ ತಂತ್ರಗಳಿವೆ.

ನಿಮ್ಮ ಶಾಲೆಯ ನೀರಿನ ದಾರಿ

‘ನಮ್ಮದು ನಾನೂರು ಅಡಿ ಬೋರ್‌ವೆಲ್ ನೀರು, ಅದಕ್ಕೆಂಥ ಹೊಲಸು?’ ಎನ್ನುವವರಿದ್ದಾರೆ. ಆಳದ ನೀರು ಹೆಚ್ಚಾಗಿ ಶುದ್ಧವಾಗಿರುತ್ತದೆ, ನಿಜ. ಕೆಡುವುದು ಮೇಲೆ ಬಂದ ನಂತರ. ಒಂದು ಸ್ಟ್ರಾ ತೆಗೆದುಕೊಂಡು ನಡುವೆ ಸೂಜಿಯಿಂದ ತೂತು ಮಾಡಿ, ಆ ತೂತು ನೀರಿನಲ್ಲಿ ಮುಳುಗುವಂತೆ ಹಿಡಿದು ಮೇಲಿನಿಂದ ಹೀರಿ. ತೂತಿನಿಂದಲೂ ನೀರು ಒಳಕ್ಕೆ ಬರುತ್ತದೆ. ನಮ್ಮ ಊರಿನ ಪೈಪುಗಳಲ್ಲೂ ಇದೇ ಆಗುವುದು. ನೀರು ಬಿಟ್ಟಾಗ ಒಡಕಿನಿಂದ ನೀರು ಹೊರಗೆ ಸೋರುತ್ತದೆ. ನೀರುಗಂಟಿ ಗೇಟುವಾಲ್ವ್ ಮುಚ್ಚಿದ ನಂತರ ಪೈಪಿನಲ್ಲಿದ್ದ ನೀರು ತಗ್ಗಿಗೆ ಇಳಿಯುತ್ತಾ ಪೈಪು ಬರಿದಾಗುತ್ತದೆ. ಆಗ ಒಡಕಿನ ಸುತ್ತ ನಿಂತ ಚರಂಡಿ ನೀರನ್ನು ಪೈಪು ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಮೊದಲು ಬರುವ ನೀರು ಅದು.

ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರೂ ಹೀಗೆಯೇ ಕೆಡಬಹುದು. ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ತಿಂಗಳುಗಟ್ಟಲೆ ಉಜ್ಜದ ಕ್ಯಾನಿಗೆ ತುಂಬಿದರೆ, ಅದರೊಳಗೆ ಲೋಟ ಅದ್ದಿದರೆ ಅದನ್ನು ಕಾಯಲು ಏನೂ ಇಲ್ಲ. ಟ್ಯಾಂಕಿನ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಈ ಕಾವಲಿಗಾಗಿಯೇ. ತಿಳಿಯಾದ 1,000 ಲೀಟರ್ ನೀರಿಗೆ ಒಳ್ಳೆಯ ಪೌಡರ್ 2.5 ಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ನಮ್ಮ 50,000 ಲೀಟರ್ ಟ್ಯಾಂಕಿಗೆ ಎಷ್ಟು ಬೇಕೆಂದು ನೀವೇ ಹೇಳಿ. ಬಾಯಿ ತೆರೆದಿಟ್ಟ ಚೀಲದ ಪೌಡರ್ ದಿನೇ ದಿನೇ ಶಕ್ತಿ ಕಳೆದುಕೊಳ್ಳುತ್ತದೆ. ಹಾಕಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕಿಟ್ಟಿನಲ್ಲಿರುವ ದ್ರಾವಣ ಹಾಕಿದಾಗ ಬರುವ ಬಣ್ಣವನ್ನು ಪಟ್ಟಿಯ ಬಣ್ಣಕ್ಕೆ ಹೋಲಿಸಿ ಇದನ್ನು ಒಂದೇ ನಿಮಿಷದಲ್ಲಿ ತಿಳಿಯಬಹುದು.

ಶಿಕ್ಷಕರ ಜೊತೆ ಸೇರಿ ನಾಲ್ಕು ಸೀಸೆಗಳಿಂದ ಒಂದು ಪರೀಕ್ಷೆ ಮಾಡಿ. ಒಂದಕ್ಕೆ ಟ್ಯಾಂಕಿನ ನೀರು, ಎರಡನೆಯದಕ್ಕೆ ಶಾಲೆಯ ನಲ್ಲಿಯ ನೀರು, ಮೂರನೆಯದಕ್ಕೆ ನೀವು ಕುಡಿಯುವ ಕೊಳಗದ ನೀರು, ನಾಲ್ಕನೆಯದಕ್ಕೆ ಕುದಿಸಿ ಆರಿಸಿದ ನೀರು. ಚೀಟಿಯಲ್ಲಿ ಜಾಗ, ದಿನ, ಗಂಟೆ ಬರೆದು ಅಂಟಿಸಿ. ನಾಲ್ಕನೆಯದು ಕಪ್ಪಾಗಬಾರದು. ಕಪ್ಪಾದರೆ ಸೀಸೆಯಲ್ಲೋ ನಮ್ಮ ಕೈಯಲ್ಲೋ ದೋಷವಿದೆ, ಹೊಸ ಸೀಸೆಗಳಿಂದ ಮತ್ತೆ ಮಾಡಬೇಕು. ಟ್ಯಾಂಕಿನದು ಕಪ್ಪಾಗದೆ ನಲ್ಲಿಯದು ಕಪ್ಪಾದರೆ ಪೈಪಿನ ದಾರಿಯಲ್ಲಿ ನಡೆದು ಒಡಕು ಹುಡುಕಿ, ನೀರುಗಂಟಿಗೆ ತೋರಿಸಿ. ಕೊಳಗದ್ದು ಮಾತ್ರ ಕಪ್ಪಾದರೆ ಪಂಚಾಯಿತಿಗೆ ಅರ್ಜಿ ಬರೆಯುವುದು ಬೇಡ, ಕೊಳಗ ಉಜ್ಜಿ, ಮುಚ್ಚಳ ಹಾಕಿ, ಉದ್ದ ಹಿಡಿಯ ಸೌಟು ಅಥವಾ ನಲ್ಲಿ ಕೂರಿಸಿದರೆ ಸಾಕು. ಟ್ಯಾಂಕಿನದೇ ಕಪ್ಪಾದರೆ ಮುಖ್ಯ ಶಿಕ್ಷಕರ ಮೂಲಕ ಅದೇ ದಿನ ಪಂಚಾಯಿತಿಗೆ ತಿಳಿಸಬೇಕು. ಅಲ್ಲಿಯವರೆಗೆ ಕುದಿಸಿದ ನೀರು ಕುಡಿಯಿರಿ. ನೀರು ಚೆನ್ನಾಗಿ ಮಳ್ಳಿ ಗುಳ್ಳೆ ಏಳುವಂತೆ ಒಂದು ನಿಮಿಷ ಕುದಿದರೆ ವೈರಸ್‌ಗಳೂ ಉಳಿಯುವುದಿಲ್ಲ.

ಚಳಿಗಾಲದಲ್ಲಿ ಸೀಸೆಗಳಿಗೆ ಬಟ್ಟೆ ಸುತ್ತಿ ಬೀರುವಿನೊಳಗೆ ಇಡಿ, ತಣ್ಣಗಿದ್ದರೆ ಬ್ಯಾಕ್ಟೀರಿಯ ಬೆಳೆಯಲು ತಡವಾಗುತ್ತದೆ. ಬಿಸಿಯೂಟದ ಅಡುಗೆ ಕೋಣೆಯಲ್ಲಿ ಮಾತ್ರ ಇಡಬೇಡಿ. ಕಪ್ಪಾದ ಸೀಸೆಯಲ್ಲಿ ಈಗ ಬ್ಯಾಕ್ಟೀರಿಯಗಳು ಕೋಟಿಗಟ್ಟಲೆ ಆಗಿರುತ್ತವೆ. ಆದ್ದರಿಂದ ಮಕ್ಕಳು ಯಾರೂ ಅದರ ಮುಚ್ಚಳ ತೆಗೆಯಬಾರದು, ಮೂಸಿ ನೋಡಬಾರದು. ಶಿಕ್ಷಕರು ಅದಕ್ಕೆ ಬ್ಲೀಚಿಂಗ್ ಪೌಡರಿನ ಗಟ್ಟಿ ದ್ರಾವಣ ಸುರಿದು, ಅರ್ಧ ಗಂಟೆ ಬಿಟ್ಟು, ಶೌಚಾಲಯದ ಗುಂಡಿಗೆ ಚೆಲ್ಲಿ ಸೋಪಿನಿಂದ ಕೈ ತೊಳೆದುಕೊಳ್ಳಬೇಕು.